‘ಫೈನ್’ ಕಲಿತ ರಾತ್ರಿ

1974ರಲ್ಲಿ ನಾನು ಮುಂಬಯಿಯ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಹಗಲು ಮಾಣಿಯಾಗಿದ್ದು, ರಾತ್ರಿ ಏಳಕ್ಕೆ ಸಾಂಬಾರಿನ ಕಲೆಯಿದ್ದ ಅಂಗಿಯಲ್ಲೇ ಬಂದು ನಮ್ಮ ಕನ್ನಡ ರಾತ್ರಿ ಶಾಲೆಯ ಎಂಟನೆಯ ತರಗತಿಯಲ್ಲಿ ಕುಳಿತುಕೊಳ್ಳುತ್ತಿದ್ದೆ. ‘ಫೈನ್’ ಎಂಬ ಇಂಗ್ಲಿಷ್ ಶಬ್ದಕ್ಕೆ ಆಗ ನನಗೆ ಗೊತ್ತಿದ್ದುದು ಎರಡೇ ಅರ್ಥ. ಒಂದು, ರವಾ ದೋಸೆಗೆ ಬೇಕಾದ ಸಣ್ಣ ರವೆ. ಇನ್ನೊಂದು, ಪಾಸಿನ ಅವಧಿ ಮುಗಿದದ್ದನ್ನು ನೋಡದೆ ಲೋಕಲ್ ಹತ್ತಿ, ಮಸ್ಜಿದ್ ಸ್ಟೇಷನ್ನಿನಲ್ಲಿ ಟಿ.ಸಿ.ಯ ಕೈಗೆ ಸಿಕ್ಕಿ ನಾನು ತೆತ್ತ ದಂಡ. ಆದ್ದರಿಂದ ಇಂಗ್ಲಿಷ್ ಮಾಸ್ತರರು ‘ಹೌ ಆರ್ ಯೂ’ ಎಂದು ಕೇಳಿದವರಿಗೆ ‘ಐ ಆ್ಯಮ್ ಫೈನ್’ ಎನ್ನಬೇಕೆಂದು ಹೇಳಿಕೊಟ್ಟಾಗ ನಾನು ಎದ್ದು ನಿಂತು, “ಸರ್, ನಾನು ದಂಡ ಎಂದು ನಾನೇ ಹೇಳಿಕೊಳ್ಳುವುದೇ?” ಎಂದು ಕೇಳಿದ್ದೆ.

ಎಲ್ಲರೊಡನೆ ಮಾಸ್ತರರೂ ನಕ್ಕರು; ಆದರೆ ಅಂದಿನ ಪದ್ಯವನ್ನು ಬದಿಗಿಟ್ಟು ಆ ಒಂದು ಶಬ್ದದ ಬೆನ್ನು ಹತ್ತಿದರು. ಲ್ಯಾಟಿನಿನ ‘ಫೀನಿಸ್’ ಎಂದರೆ ಕೊನೆ, ಎಲ್ಲೆ. ಕೊನೆ ಮುಟ್ಟುವ ತನಕ ತಿದ್ದಿ ತೀಡಿದ್ದು ಉತ್ತಮವಾದದ್ದು ಎಂಬ ಭಾವದಿಂದ ಹಳೆಯ ಫ್ರೆಂಚಿನಲ್ಲಿ ಅದು ‘ಚೆನ್ನಾದದ್ದು’ ಎಂದಾಗಿ ಇಂಗ್ಲಿಷಿಗೆ ಬಂತು. ನಯ, ಸಣ್ಣ, ತೆಳು ಎಂಬ ಅರ್ಥಗಳು ಅದರ ಮಗ್ಗುಲಲ್ಲೇ ಬೆಳೆದವು. ವ್ಯಾಜ್ಯವನ್ನು ಕೊನೆಗಾಣಿಸಲು ಕೊಟ್ಟ ಹಣವೇ ಮುಂದೆ ದಂಡವಾಯಿತು. ಫಿನಿಶ್, ಫೈನಲ್ ಮಾತ್ರವಲ್ಲ, ಫೈನಾನ್ಸ್ ಕೂಡ ಅದೇ ಬೇರಿನದೆಂದು ಅವರು ಹೇಳಿದಾಗ ನಮಗೆ ನಂಬಿಕೆ ಬರಲಿಲ್ಲ. ಆಗ ಅವರು ಹಲಗೆಯ ಮೇಲೆ ಕನ್ನಡದಲ್ಲಿ ‘ತೀರು’ ಎಂದು ಬರೆದು, ಅದರ ಕೆಳಗೆ ‘ತೀರ್ಪು’, ‘ತೀರ್ವೆ’ ಎಂದು ಬರೆದರು. ಸಾಲ ತೀರುತ್ತದೆ, ವ್ಯಾಜ್ಯ ತೀರ್ಪಾಗುತ್ತದೆ, ಊರಿನಲ್ಲಿ ನಮ್ಮ ಅಪ್ಪಂದಿರು ಗದ್ದೆಗೆ ಕಟ್ಟುತ್ತಿದ್ದ ಕಂದಾಯವೇ ತೀರ್ವೆ. ಕೊನೆಯಿಂದ ಹಣಕ್ಕೆ ಬರುವ ದಾರಿ ನಮ್ಮ ಮಾತಿನಲ್ಲೂ ಇತ್ತು. ಆ ಮೂರು ಪದಗಳಷ್ಟು ಸ್ಪಷ್ಟವಾಗಿ ಯಾವ ವ್ಯಾಕರಣ ಪುಸ್ತಕವೂ ನನಗೆ ಇಂಗ್ಲಿಷ್ ಕಲಿಸಿಲ್ಲ.

ಉಳಿದದ್ದನ್ನು ಪೇಟೆಯೇ ಕಲಿಸಿತು. ಝವೇರಿ ಬಜಾರಿನಲ್ಲಿ 22 ಕ್ಯಾರೆಟ್ ಚಿನ್ನವನ್ನು 916 ಎನ್ನುವುದು ಸಾವಿರದಲ್ಲಿ ಅಷ್ಟು ಪಾಲು ಅಪ್ಪಟವೆಂಬ ಲೆಕ್ಕದಿಂದ. ಆ ಅಪ್ಪಟತನಕ್ಕೆ ‘ಫೈನ್‌ನೆಸ್’ ಎಂದು ಹೆಸರು. ಆಜಾದ್ ಮೈದಾನದ ಆಟಗಳಲ್ಲಿ ‘ಫೈನ್ ಲೆಗ್’ ಎಂಬ ಕೂಗು ಕೇಳಿ, ಅಲ್ಲಿ ನಿಂತವನು ಒಳ್ಳೆಯ ಆಟಗಾರನಿರಬೇಕೆಂದು ನಾನು ಬಹುಕಾಲ ನಂಬಿದ್ದೆ. ಬ್ಯಾಟುಗಾರನ ಬೆನ್ನ ಹಿಂದೆ, ಪಿಚ್ಚಿನ ನೇರಕ್ಕೆ ಕಿರಿದಾದ ಕೋನದಲ್ಲಿ ನಿಲ್ಲುವುದರಿಂದ ಆ ಹೆಸರು. ಅಲ್ಲಿಯೂ ಇದ್ದದ್ದು ನಮ್ಮ ಸಣ್ಣ ರವೆಯ ಅರ್ಥವೇ.

ಹೀಗಿದ್ದೂ ಒಮ್ಮೆ ಮೋಸಹೋದೆ. ಗಿರಾಕಿಯೊಬ್ಬರಿಗೆ “ಇನ್ನೊಂದು ಚಹಾ ತರಲೇ?” ಎಂದು ಕೇಳಿದೆ. ಅವರು “ಐ ಆ್ಯಮ್ ಫೈನ್” ಎಂದರು. ಒಪ್ಪಿದರೆಂದು ತಿಳಿದು ತಂದಿಟ್ಟೆ. ಬೇಡವೆನ್ನುವುದಕ್ಕೂ ಅದೇ ಮಾತೆಂದು ನನಗೆ ತಿಳಿದಿರಲಿಲ್ಲ. ಆ ಚಹಾದ ದುಡ್ಡನ್ನು ಗಲ್ಲೆಯಲ್ಲಿ ಕುಳಿತವರು ನನ್ನ ಸಂಬಳದಲ್ಲಿ ಮುರಿದುಕೊಂಡರು. ರಾತ್ರಿ ಮಾಸ್ತರರಿಗೆ ಹೇಳಿದೆ.

“ಅಂತೂ ಫೈನಿಗೆ ಫೈನ್ ಕಟ್ಟಿದೆ ಮಾರಾಯ,” ಎಂದವರೇ ಹಾಜರಿ ಕರೆಯತೊಡಗಿದರು.