ಬೆಂಗಳೂರಿನ ಕೈತೋಟದಲ್ಲಿ ಶರ್ಲಿ ಪಾಪ್ಪಿ

ಮನೆಯಂಗಳದಲ್ಲಿ ಗಸಗಸೆಯ ಬಳಗದ ಹೂಗಿಡವಾದ ಪಾಪ್ಪಿಯನ್ನು ಬೆಳೆಯುತ್ತೇನೆ ಎಂದೊಡನೆ ಬಹಳ ಮಂದಿ ಕೇಳುವುದು, ಪಾಯಸಕ್ಕೆಂದು ಡಬ್ಬಿಯಲ್ಲಿಟ್ಟ ಗಸಗಸೆಯನ್ನೇ ಒಂದಿಷ್ಟು ಚೆಲ್ಲಿದರೆ ಸಾಲದೇ ಎಂದು. ಚೆಲ್ಲಬಾರದು. ಗಸಗಸೆಯ ಗಿಡವೇ ಅಫೀಮಿನ ಗಿಡ. 1985ರ ಮಾದಕ ವಸ್ತು ಕಾಯ್ದೆಯಂತೆ ಪರವಾನಗಿಯಿಲ್ಲದೆ ಅದನ್ನು ಬೆಳೆದವರಿಗೆ 10 ವರ್ಷಗಳವರೆಗೆ ಕಠಿಣ ಸಜೆ ವಿಧಿಸಬಹುದು. ಆ ಪರವಾನಗಿಯಾದರೂ ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರ ಪ್ರದೇಶದ ಗೊತ್ತುಪಡಿಸಿದ ಭಾಗಗಳ ರೈತರಿಗಷ್ಟೇ ದೊರೆಯುತ್ತದೆ.

ನಮ್ಮ ಕೈತೋಟಕ್ಕೆ ಒಪ್ಪುವುದು ಶರ್ಲಿ ಪಾಪ್ಪಿ. ಇಂಗ್ಲೆಂಡಿನ ಶರ್ಲಿ ಎಂಬಲ್ಲಿ ಪಾದ್ರಿಯಾಗಿದ್ದ ವಿಲಿಯಂ ವಿಲ್ಕ್ಸ್ ಅವರು 1880ರಲ್ಲಿ, ಹೊಲದ ಕಳೆಯೆಂದೇ ಎಣಿಸುವ ಕೆಂಪು ಪಾಪ್ಪಿಗಳ ನಡುವೆ ಬಿಳಿಯ ಅಂಚಿದ್ದ ಒಂದು ಹೂವನ್ನು ಕಂಡು, ಅದರ ಬೀಜವನ್ನು ತೆಗೆದಿರಿಸಿ, ವರ್ಷವರ್ಷವೂ ಆರಿಸಿ ಬಿತ್ತುತ್ತ, ನಡುವಿನ ಕಪ್ಪು ಮಚ್ಚೆಯಿಲ್ಲದ ಬಿಳಿ, ಗುಲಾಬಿ, ಕೆಂಪು ಬಣ್ಣಗಳ ಈ ತಳಿಯನ್ನು ರೂಪಿಸಿದರು. ಗಸಗಸೆ ಗಿಡದ ಎಲೆ ಬೂದುಮಿಶ್ರಿತ ಹಸಿರಾಗಿ, ನುಣುಪಾಗಿ ಕಾಂಡವನ್ನು ತಬ್ಬಿಕೊಂಡಿರುತ್ತದೆ. ಶರ್ಲಿಯ ಎಲೆ ಸೀಳುಸೀಳಾಗಿದ್ದು ಕಾಂಡದ ತುಂಬ ರೋಮವಿರುತ್ತದೆ. ಯಾವ ಜಾತಿಯೆಂದು ಬರೆಯದೆ ಬರಿದೆ ‘ಪಾಪ್ಪಿ ಮಿಶ್ರಣ’ ಎಂದು ಮಾರುವ ಪೊಟ್ಟಣವನ್ನು ಕೊಳ್ಳದಿರುವುದೇ ಲೇಸು.

ಬೆಂಗಳೂರಿನಲ್ಲಿ ಮಳೆ ಇಳಿಮುಖವಾಗುವ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವೆ ಬಿತ್ತುವುದು ಸರಿ. ಬೀಜ ತೀರ ಸಣ್ಣದಾದ್ದರಿಂದ ಒಣ ಮರಳಿನೊಡನೆ ಬೆರೆಸಿ, ನೀರು ಬಸಿದುಹೋಗುವಂಥ ಮಡಿಯ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಬೇಕೇ ಹೊರತು ಮಣ್ಣಿನಲ್ಲಿ ಹೂಳಬಾರದು. ನೀರನ್ನು ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುವುದರಿಂದ ಸಿಂಪಡಿಸಬೇಕು. ಸಸಿಮಡಿಯಲ್ಲಿ ಬೆಳೆಸಿ ಕಿತ್ತು ನೆಡುವ ಪದ್ಧತಿ ಇದಕ್ಕೆ ಸಲ್ಲದು, ಏಕೆಂದರೆ ಇದರ ತಾಯಿಬೇರು ಅಲುಗಿದರೆ ಗಿಡ ಚೇತರಿಸಿಕೊಳ್ಳುವುದು ಅಪರೂಪ. ಬಿತ್ತಿದ ಜಾಗದಲ್ಲೇ, ಗಿಡದಿಂದ ಗಿಡಕ್ಕೆ ಒಂದು ಗೇಣಿನಷ್ಟು ಅಂತರ ಉಳಿಯುವಂತೆ ಹೆಚ್ಚಿನ ಸಸಿಗಳನ್ನು ಕಿತ್ತೆಸೆಯಬೇಕು. ಈ ಕೆಲಸಕ್ಕೆ ಕೈ ಹಿಂಜರಿಯುತ್ತದೆ. ಆದರೆ ದಟ್ಟವಾಗಿ ಬಿಟ್ಟ ಪಾಪ್ಪಿ ಸೊರಗಿ, ಕಡ್ಡಿಯಂಥ ಕಾಂಡದ ಮೇಲೆ ನಾಣ್ಯದಗಲದ ಹೂವನ್ನಷ್ಟೇ ಕೊಡುತ್ತದೆ. ಗೊಬ್ಬರದ ಚಿಂತೆ ಹೆಚ್ಚು ಬೇಡ.

ಬಾಗಿ ನೇತಾಡುವ ಮೊಗ್ಗು ಅರಳುವ ಮುನ್ನ ನೆಟ್ಟಗಾಗುತ್ತದೆ, ಹಸಿರು ಪೊರೆಗಳೆರಡೂ ಕಳಚಿ ಬೀಳುತ್ತವೆ, ಮುದುಡಿದ್ದ ಎಸಳುಗಳು ಬಿಸಿಲೇರುತ್ತಿದ್ದಂತೆ ಬಿಡಿಸಿಕೊಳ್ಳುತ್ತವೆ. ಹೂವಿನ ಬಾಳು ಒಂದೆರಡು ದಿನದ್ದಷ್ಟೇ. ಇದರಲ್ಲಿ ಮಕರಂದವಿಲ್ಲದಿದ್ದರೂ ಪರಾಗಕ್ಕಾಗಿ ಜೇನುನೊಣಗಳು ಬೆಳಗಿನಿಂದಲೇ ಮುತ್ತುತ್ತವೆ. ಹೂದಾನಿಗೆ ಬೇಕೆಂದರೆ ಅರಳಲು ತೊಡಗಿದ ಮೊಗ್ಗನ್ನೇ ಕೊಯ್ದು, ತೊಟ್ಟಿನ ತುದಿಯನ್ನು ಕ್ಷಣಕಾಲ ಉರಿಗೆ ಹಿಡಿದು ನೀರಿನಲ್ಲಿಡಬೇಕು.

ಬಾಡಿದ ಹೂಗಳನ್ನು ಚಿವುಟುತ್ತಿದ್ದರೆ ಹೊಸ ಮೊಗ್ಗುಗಳು ಬರುತ್ತವೆ. ಕೊನೆಯಲ್ಲಿ ಕೆಲವು ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಟ್ಟು, ತಲೆಯ ಮುಚ್ಚಳದ ಕೆಳಗೆ ಸಣ್ಣ ರಂಧ್ರಗಳು ತೆರೆದಾಗ ಕಾಗದದ ಚೀಲದೊಳಕ್ಕೆ ಬಗ್ಗಿಸಿ ಅಲುಗಿಸಿದರೆ ಮುಂದಿನ ಚಳಿಗಾಲಕ್ಕೆ ಬೇಕಾಗುವಷ್ಟು ಬೀಜ ಸಿಗುತ್ತದೆ. ಮಾರ್ಚಿನ ಬಿಸಿಲಿಗೆ ಗಿಡಗಳು ಹೇಗೂ ಉಳಿಯವು; ಅವನ್ನು ಕಿತ್ತು ಆ ಮಡಿಯಲ್ಲಿ ನಾನು ಹರಿವೆ ಬಿತ್ತುತ್ತೇನೆ.