ದೊಡ್ಡಪ್ಪನ ಕಾಗದಪತ್ರ: ಕೆಲಸ ಎಲ್ಲಿಗೆ ಬಂತು

ಬೀರುವಿನ ಮೇಲಿನ ಎರಡು ಅರೆ ಖಾಲಿಯಾದವು. ಹೊಸದಾಗಿ ಓದುತ್ತಿರುವವರಿಗೆ: ದೊಡ್ಡಪ್ಪ ಮೈಸೂರಿನಲ್ಲಿ ಶೈಕ್ಷಣಿಕ ಮನೋವಿಜ್ಞಾನದ ಮೇಷ್ಟ್ರಾಗಿದ್ದವರು. ಅವರು ಬಿಟ್ಟುಹೋದ ಕಾಗದಗಳನ್ನು ಪಟ್ಟಿ ಮಾಡಿ ಸ್ಕ್ಯಾನ್ ಮಾಡುತ್ತಿದ್ದೇನೆ. ಕಟ್ಟುಗಳನ್ನು ಅವರಿಟ್ಟ ಕ್ರಮದಲ್ಲೇ ಉಳಿಸಿಕೊಂಡಿದ್ದೇನೆ. ವಿಷಯವಾರು ಬೇರೆ ಮಾಡಿದರೆ ನೋಡಲು ಚೆಂದ, ಆದರೆ ಯಾವ ಪತ್ರದ ಹಿಂದೆ ಯಾವ ಕರಡು ಹುಟ್ಟಿತೆಂಬುದು ಗೊತ್ತಾಗದೆ ಹೋಗುತ್ತದೆ.

ಗುಂಡುಪಿನ್ನುಗಳೇ ಹೆಚ್ಚು ಹೊತ್ತು ತಿಂದವು. ತುಕ್ಕು ಹಿಡಿದದ್ದನ್ನು ಎಳೆದರೆ ಕಾಗದವೂ ಜೊತೆಗೇ ಬರುತ್ತದೆ. ಕೆಳಗೊಂದು ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ ತುದಿಯನ್ನು ಮೆಲ್ಲಗೆ ಎಬ್ಬಿಸಬೇಕು. ಸಂಖ್ಯೆ ಹಾಕುವುದು ಪೆನ್ಸಿಲಿನಲ್ಲಿ ಮಾತ್ರ, ಹಿಂಬದಿಯ ಮೂಲೆಗೆ.

ಮೊದಲ ಅರೆಯಲ್ಲಿ ಮಹಾರಾಜ ಕಾಲೇಜಿನ ನೋಟ್ಸು. ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಕಟ್ಟಿದ ಮನೋವಿಜ್ಞಾನ ವಿಭಾಗ ಅದು. (1935ರಲ್ಲಿ ಮನೆಯಲ್ಲೇ ‘ಆಕಾಶವಾಣಿ’ ಶುರು ಮಾಡಿದವರೂ ಅವರೇ.) ಅವರು ಲಂಡನ್ನಿನಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಓದಿ ಬಂದವರು. ಹಾಗಾಗಿ ಎಲ್ಲ ಬೌದ್ಧಿಕ ಕೆಲಸಗಳ ಹಿಂದೆಯೂ ಒಂದು ಸಾಮಾನ್ಯ ಸಾಮರ್ಥ್ಯವಿದೆ ಎಂಬ ಸ್ಪಿಯರ್‌ಮನ್ ವಾದ ದೊಡ್ಡಪ್ಪನ ನೋಟ್ಸಿನಲ್ಲಿ ಪುಟಗಟ್ಟಲೆ ಇರುವುದು ಸಹಜ. ಧಾರವಾಡದ ಕಡೆ ವಿ.ವಿ. ಕಾಮತ್ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ, ಬುದ್ಧಿ ಅಳೆಯುವ ಬಿನೆ ಪರೀಕ್ಷೆಯ ಟಿಪ್ಪಣಿಗಳೂ ಇವೆ. ಜೊತೆಗೆ ಭಾಟಿಯಾ ಅವರ 1955ರ ಬುದ್ಧಿಪರೀಕ್ಷೆಯ ಪೆಟ್ಟಿಗೆ: ಬಣ್ಣದ ಮರದ ಘನಗಳು, ಜರುಗಿಸುವ ತುಂಡುಗಳು. ಓದುಬರಹ ಬಾರದ ಮಕ್ಕಳಿಗೂ ನಡೆಯುವಂಥದ್ದು ಅದು, ಐದು ಉಪಪರೀಕ್ಷೆ. ಕೆಂಪು ಬಣ್ಣ ಮೂಲೆಗಳಲ್ಲಿ ಪೂರ್ತಿ ಸವೆದಿದೆ.

ಇಷ್ಟು ನೋಡಿ, ದೊಡ್ಡಪ್ಪ ಬುದ್ಧಿಮಾಪನದವರು ಎಂದು ಬರೆದು ಮುಗಿಸಬಹುದಿತ್ತು. ಅವರು ಅಚ್ಚು ಹಾಕಿಸಿದ ಲೇಖನಗಳೂ ಹಾಗೇ ಹೇಳುತ್ತವೆ. ಎರಡನೇ ಅರೆ ಬೇರೆ ಕಥೆ ಹೇಳುತ್ತದೆ.

1957ರ ಹೊತ್ತಿಗೆ ಷಿಕಾಗೋದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಪರೀಕ್ಷಾ ಸುಧಾರಣೆಗೆಂದು ಭಾರತಕ್ಕೆ ಬಂದರು, 1958ರಲ್ಲಿ ಕೇಂದ್ರ ಪರೀಕ್ಷಾ ಘಟಕ ಹುಟ್ಟಿತು. 1963ರಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು ತೆರೆಯಿತು. ಆಮೇಲಿನ ಕಾಗದಗಳಲ್ಲಿ ಬುದ್ಧಿಯ ಮಾತು ಅಪರೂಪ. ಎಲ್ಲೆಲ್ಲೂ ಪ್ರಶ್ನೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ (ಯಾವ ಪಾಠಕ್ಕೆ ಎಷ್ಟು ಅಂಕ ಎಂಬ ಯೋಜನೆ), ಸೈಕ್ಲೋಸ್ಟೈಲ್ ಮಾಡಿದ (ಮೇಣದ ಸ್ಟೆನ್ಸಿಲ್ಲಿನಿಂದ ಪ್ರತಿ ತೆಗೆದ) ಕಾರ್ಯಾಗಾರದ ಹಾಳೆ. ಶೂ ಡಬ್ಬಿಗಳ ತುಂಬ ಕಾರ್ಡು. ಒಂದು ಕಾರ್ಡಿಗೆ ಒಂದೇ ಬಹು ಆಯ್ಕೆ ಪ್ರಶ್ನೆ, ಹಿಂದೆ ಲೆಕ್ಕ. ಮನೆಯವರು ರದ್ದಿಗೆ ಹಾಕಲು ಹೊರಟಿದ್ದದ್ದು ಇದನ್ನೇ. ನನ್ನ ಮಟ್ಟಿಗೆ ಇಡೀ ಬೀರುವಿನಲ್ಲಿ ಇದಕ್ಕಿಂತ ಬೆಲೆಬಾಳುವುದಿಲ್ಲ.

ಒಂದು ಕಾರ್ಡು ನೋಡಿ. ನೂರು ಮಕ್ಕಳಿಗೆ ಪ್ರಶ್ನೆ ಕೊಟ್ಟು, ಒಟ್ಟು ಅಂಕದಲ್ಲಿ ಮೇಲಿನ 27, ಕೆಳಗಿನ 27 ಮಕ್ಕಳನ್ನು ಬೇರೆ ಮಾಡಿದ್ದಾರೆ. ಈ ಪ್ರಶ್ನೆಗೆ ಮೇಲಿನವರಲ್ಲಿ 9 ಜನ ಸರಿ, ಕೆಳಗಿನವರಲ್ಲಿ 14. ವ್ಯತ್ಯಾಸವನ್ನು 27ರಿಂದ ಭಾಗಿಸಿದರೆ ಮೈನಸ್ 0.19. ಅಂದರೆ ಚೆನ್ನಾಗಿ ಓದಿದವರೇ ಎಡವುತ್ತಿದ್ದಾರೆ. ಕೆಂಪು ಇಂಕಿನಲ್ಲಿ ಷರಾ: ‘ಮಕ್ಕಳದ್ದಲ್ಲ, ಪ್ರಶ್ನೆಯದ್ದು ತಪ್ಪು. “ಆ” ಕೂಡ ಸರಿಯುತ್ತರವೇ.’ ಕೆಳಗೆ ತಿದ್ದಿದ ಪ್ರಶ್ನೆ, ಮತ್ತೆ ಲೆಕ್ಕ. ಮಗುವನ್ನು ಅಳೆಯುತ್ತಿದ್ದ ಮನುಷ್ಯ ಅಳತೆಗೋಲನ್ನೇ ಅಳೆಯಲು ಕೂತಿದ್ದರು. ಈ ತಿರುವು ಅವರ ಯಾವ ಲೇಖನದಲ್ಲೂ ಇಲ್ಲ.

ಲೆಕ್ಕದ ಗೀಟುಗಳು ಮಾತ್ರ ಅವರ ಕೈಯವಲ್ಲ. ದೊಡ್ಡಮ್ಮನಿಗೆ ತೋರಿಸಿದೆ.

“ನಂದೇ ಕಣೋ. ಅವರು ಉತ್ತರ ಓದ್ತಿದ್ರು, ನಾನು ಗೀಟು ಎಳೀತಿದ್ದೆ. ಊಟಕ್ಕೆ ತಟ್ಟೆ ಇಡೋಕೂ ಜಾಗ ಇರ್ತಿರ್ಲಿಲ್ಲ.”

“ಎಲ್ಲಾ ಕಾರ್ಡೂ ನೀವೇನಾ ದೊಡ್ಡಮ್ಮ?”

“ಮತ್ತಿನ್ಯಾರು ಬರ್ತಾರೆ, ಸಂಬಳ ಕೊಡ್ತಿದ್ರಾ?”

ಪಟ್ಟಿಯಲ್ಲಿ ‘ಬರೆದವರು’ ಎಂಬ ಕಲಮಿಗೆ ಈಗ ಎರಡು ಹೆಸರು. ಕಾರ್ಡುಗಳಿಗೆಲ್ಲ ಅದನ್ನು ತುಂಬಿಯಾಯಿತು.

ಒಂದು ಕಟ್ಟನ್ನು ಸ್ಕ್ಯಾನ್ ಮಾಡಿಲ್ಲ, ಮಾಡುವುದೂ ಇಲ್ಲ. ಭಾಟಿಯಾ ಪರೀಕ್ಷೆಯ ಉತ್ತರಹಾಳೆಗಳಲ್ಲಿ ಮಕ್ಕಳ ಹೆಸರು, ಶಾಲೆ, ಬುದ್ಧಿಲಬ್ಧ (ಐಕ್ಯೂ) ಎಲ್ಲ ಇದೆ. ಆ ಮಕ್ಕಳಿಗೆ ಈಗ ಎಪ್ಪತ್ತು ದಾಟಿರಬಹುದು. ಆದರೂ ಅವರ ಅಂಕ ಊರಿಗೆ ಹೇಳಲು ನಾನ್ಯಾರು? ಲಕೋಟೆಯಲ್ಲಿಟ್ಟು ‘ತೆರೆಯಬಾರದು’ ಎಂದು ಬರೆದಿದ್ದೇನೆ.

ಇನ್ನು ಉಳಿದಿರುವುದು ಅಟ್ಟದ ಸ್ಟೆನ್ಸಿಲ್ ಹಾಳೆಗಳು. ಮೇಣ ಬಿಸಿಲಿಗೆ ಒಂದಕ್ಕೊಂದು ಅಂಟಿದೆ, ಸ್ಕ್ಯಾನರಿಗೆ ಒಗ್ಗುವುದಿಲ್ಲ. ಕೆಳಗಿನಿಂದ ಬೆಳಕು ಬಿಟ್ಟು ಫೋಟೊ ತೆಗೆದು ನೋಡಬೇಕು. ಸ್ಟೆನ್ಸಿಲ್ ಬಿಡಿಸಿದ ಅನುಭವ ಯಾರಿಗಾದರೂ ಇದ್ದರೆ ತಿಳಿಸಿ.