ಲೆಕ್ಕದ ಪುಸ್ತಕ ಹಿಡಿದು ಶರಾವತಿ ಹಿನ್ನೀರಿಗೆ

ಶರಾವತಿ ಹಿನ್ನೀರಿನ ದಡದ ಹೊನ್ನೆಮರಡುವಿಗೆ ದೋಣಿಯಾನಕ್ಕೆ ಹೋಗುವುದೆಂದು ನಿಶ್ಚಯಿಸಿದ ದಿನವೇ, ತಲೆಗೆ 2,500 ರೂಪಾಯಿ ಮೀರಬಾರದೆಂಬ ಮಿತಿಯನ್ನೂ ಹಾಕಿಕೊಂಡೆವು. ನಾವು ಹತ್ತು ಮಂದಿ: ನಾನು, ನನ್ನ ಭಾವ, ಅವರ ಕಚೇರಿಯ ನಾಲ್ವರು, ಮತ್ತು ನಮ್ಮ ಬೀದಿಯಲ್ಲೇ ಬೆಳೆದು ಈಗಷ್ಟೇ ಕೆಲಸಕ್ಕೆ ಸೇರಿದ ನಾಲ್ಕು ಹುಡುಗ ಹುಡುಗಿಯರು. ಮೊದಲ ಸಂಬಳದ ಅರ್ಧ ಮನೆಗೆ ಕಳಿಸುವವರನ್ನು ಜೊತೆಗೆ ಕರೆದುಕೊಂಡು ಹೋಗುವಾಗ ಈ ಮಿತಿ ಕೇವಲ ಜಿಪುಣತನವಲ್ಲವೆಂದು ನಾನು ವಾದಿಸಿದ್ದರಿಂದ, ಲೆಕ್ಕದ ಪುಸ್ತಕವೂ ನನ್ನ ಕೈಗೇ ಬಂತು.

ಹಿಂದಿನ ವರ್ಷ ಇದೇ ಪ್ರವಾಸ ಹೊರಡುವ ಮುನ್ನವೇ ಮುರಿದುಬಿದ್ದಿತ್ತು. ಬರುತ್ತೇವೆಂದವರು ಒಬ್ಬೊಬ್ಬರಾಗಿ ಕಳಚಿಕೊಂಡು, ಉಳಿದವರ ಪಾಲು ಏರುತ್ತಾ ಹೋಗಿ, ಕೊನೆಗೆ ಯಾರೂ ಹೊರಡಲಿಲ್ಲ. ಗುಂಪಿನ ಪ್ರವಾಸದಲ್ಲಿ ಖರ್ಚುಗಳು ಎರಡು ಜಾತಿಯವು ಎಂಬುದು ನನಗೆ ಆಗ ಹೊಳೆಯಿತು. ರೈಲಿನ ಟಿಕೆಟ್ಟು, ಅಕ್ಕಿ ಬೇಳೆ ಮೊದಲಾದವು ತಲೆ ಎಣಿಸಿ ಬೀಳುವ ಖರ್ಚು. ದೋಣಿಗಳ ಬಾಡಿಗೆ, ಮಾರ್ಗದರ್ಶಿಯ ಸಂಬಳ, ನಿಲ್ದಾಣದಿಂದ ದಡದವರೆಗಿನ ಗಾಡಿ ಇವು ಎಷ್ಟು ಜನ ಬಂದರೂ ಕದಲದ ಖರ್ಚು. ಈ ಸಲ ಇಬ್ಬರು ಕೂರುವ ಐದು ಕಯಾಕ್ (ಹುಟ್ಟು ಹಾಕಿ ಸಾಗುವ ಸಪೂರ ದೋಣಿ), ಜೀವರಕ್ಷಕ ಜಾಕೆಟ್ಟು, ಶಿಬಿರದ ಜಾಗ ಮತ್ತು ಮಾರ್ಗದರ್ಶಿ ಎಲ್ಲ ಸೇರಿ ಮೂರು ಹಗಲು, ಎರಡು ರಾತ್ರಿಗೆ 12,000 ರೂಪಾಯಿ, ಗಾಡಿಗೆ ಹೋಗಿಬರಲು 1,800 ಎಂದು ಒಪ್ಪಂದವಾಯಿತು. ರೈಲು, ದಿನಸಿಯನ್ನೂ ಸೇರಿಸಿದರೆ, ಹತ್ತು ಜನರಿದ್ದಾಗ ಒಬ್ಬರಿಗೆ 2,240 ಬೀಳುತ್ತಿತ್ತು. ಇಬ್ಬರು ತಪ್ಪಿಸಿಕೊಂಡರೆ ಅದೇ ಲೆಕ್ಕ 2,585ಕ್ಕೆ ಏರಿ ಮಿತಿ ದಾಟುತ್ತಿತ್ತು. ಆದ್ದರಿಂದ ತಿಂಗಳು ಮೊದಲೇ ತಲೆಗೆ 1,000 ರೂಪಾಯಿ ಮುಂಗಡ, ಬಾರದಿದ್ದರೆ ಅದು ವಾಪಸಿಲ್ಲ, ಎಂದು ನಿಷ್ಠುರವಾಗಿಯೇ ಬರೆದು ಕಳಿಸಿದೆ. ಭಾವನಿಗೆ ಇದು ಸರಿಬರಲಿಲ್ಲ. ಸ್ನೇಹಿತರ ಬಳಿ ಮುಂಗಡ ಕೇಳುವುದೇ ಎಂದು ಮುಖ ಸಣ್ಣದು ಮಾಡಿಕೊಂಡರು. ಹೊರಡುವ ವಾರ ಅವರ ಕಚೇರಿಯ ಇಬ್ಬರೇ ಕೈಕೊಟ್ಟಾಗ ಮಾತ್ರ ಮಾತು ನಿಲ್ಲಿಸಿದರು.

ಇದಕ್ಕಿಂತ ಅಗ್ಗಕ್ಕೆ, 8,000 ರೂಪಾಯಿಗೆ, ದೋಣಿ ಕೊಡುತ್ತೇವೆಂದವರೂ ಇದ್ದರು. ಜಾಕೆಟ್ಟುಗಳ ಚಿತ್ರ ಕಳಿಸಿ ಎಂದು ಕೇಳಿದಾಗ ಬಂದ ಚಿತ್ರದಲ್ಲಿ ಅರ್ಧಕ್ಕರ್ಧ ಜಾಕೆಟ್ಟುಗಳ ಬಕಲ್ ಮುರಿದು, ಅಲ್ಲಿ ಸುತಳಿ ಕಟ್ಟಲಾಗಿತ್ತು. ಬೇಳೆಯಲ್ಲಿ ಉಳಿಸಬಹುದು, ಊಟದ ತಟ್ಟೆಯಲ್ಲಿ ಉಳಿಸಬಹುದು. ನೀರಿನ ಮೇಲೆ ಎದೆಗೆ ಕಟ್ಟಿಕೊಳ್ಳುವ ವಸ್ತುವಿನಲ್ಲಿ ಉಳಿತಾಯ ಹುಡುಕುವುದು ನನ್ನ ಪುಸ್ತಕದಲ್ಲಿ ಇರಲಿಲ್ಲ. ಶರಾವತಿ ಕಣಿವೆಯ ಕಾಡಿನ ಬಹುಭಾಗ 2019ರಿಂದ ಸಿಂಗಳೀಕ ಅಭಯಾರಣ್ಯದ ಗಡಿಯೊಳಗೆ ಸೇರಿರುವುದರಿಂದ, ಕಂಡ ದ್ವೀಪದಲ್ಲೆಲ್ಲ ಟೆಂಟು ಹೊಡೆಯುವಂತಿಲ್ಲ. ಹಾಗಾಗಿ ಅನುಮತಿ ಪತ್ರವನ್ನು ಮೊದಲೇ ತೋರಿಸಿದವರನ್ನೇ ಆರಿಸಿಕೊಂಡೆವು.

ಬೆಂಗಳೂರಿನಿಂದ ತಾಳಗುಪ್ಪಕ್ಕೆ ರಾತ್ರಿಯ ರೈಲಿದೆ. ಸೋಮವಾರ ರಜೆ ಕೂಡಿದ ವಾರಾಂತ್ಯವಾದ್ದರಿಂದ, 60 ದಿನ ಮೊದಲು ಮುಂಗಡ ಬುಕಿಂಗ್ ತೆರೆದ ದಿನ ಬೆಳಿಗ್ಗೆಯೇ ಸ್ಲೀಪರ್ ಟಿಕೆಟ್ಟು ಮಾಡಿದೆ. ಎರಡೂ ಕಡೆಗೆ ಸೇರಿ ತಲೆಗೆ 560 ರೂಪಾಯಿ. ಗ್ಯಾಸ್ ಸಿಲಿಂಡರನ್ನಾಗಲಿ ಸೀಮೆಎಣ್ಣೆಯನ್ನಾಗಲಿ ರೈಲಿನಲ್ಲಿ ಒಯ್ಯುವಂತಿಲ್ಲವೆಂಬುದನ್ನು ನಮ್ಮ ಹುಡುಗರಲ್ಲಿ ಒಬ್ಬ ಮರೆತು, ಸಣ್ಣ ಒಲೆಯೊಂದನ್ನು ಚೀಲಕ್ಕೆ ಹಾಕಿಕೊಂಡಿದ್ದ. ಅದನ್ನು ಮನೆಯಲ್ಲೇ ಬಿಡಿಸಿ, ಒಲೆಯನ್ನು ಶಿಬಿರದವರಿಂದಲೇ ಪಡೆಯುವಂತೆ ಮಾತಾಡಿದೆವು. ಕಾಡಿನ ಕಟ್ಟಿಗೆಗೆ ಕೈ ಹಾಕಬಾರದೆಂಬುದು ಅವರ ನಿಯಮವೂ ಆಗಿತ್ತು.

ಊಟದ ಪಟ್ಟಿ ಮಾಡಿದವರು ನನ್ನ ಅಕ್ಕ. ತಾನು ಬರುವುದಿಲ್ಲವೆಂದು ಮೊದಲೇ ಹೇಳಿದ್ದರೂ, ಯಾವ ಹೊತ್ತಿಗೆ ಏನು ಎಂಬುದನ್ನು ಚೀಟಿಯಲ್ಲಿ ಬರೆದು, ಹೊತ್ತಿಗೊಂದರಂತೆ ಗಂಟು ಕಟ್ಟಿಕೊಟ್ಟರು. ಮೊದಲ ದಿನಕ್ಕೆ ಚಪಾತಿ, ಶೇಂಗಾ ಚಟ್ನಿಪುಡಿ. ನಂತರಕ್ಕೆ ಕಟಕ ರೊಟ್ಟಿ, ಪುಳಿಯೋಗರೆ ಗೊಜ್ಜು, ಒಗ್ಗರಣೆ ಹಾಕಿ ಹುರಿದಿಟ್ಟ ಅವಲಕ್ಕಿ, ಬೆಲ್ಲ ಬೆರೆಸಿದ ಹುರಿಹಿಟ್ಟು. ರಾತ್ರಿ ಎರಡು ಹೊತ್ತು ಮಾತ್ರ ಅನ್ನ, ತೊವ್ವೆ. ಕೆಡುವ ಪದಾರ್ಥವಿಲ್ಲ, ಐಸ್ ಪೆಟ್ಟಿಗೆಯ ಭಾರವಿಲ್ಲ. ನೀರು ಸೋಕದ ಚೀಲಗಳನ್ನು ಕೊಳ್ಳುವ ಬದಲು, ಮುಚ್ಚಳ ಬಿಗಿಯಾಗಿ ಕೂರುವ ಪೇಂಟ್ ಬಕೆಟ್ಟುಗಳನ್ನು ತೊಳೆದು ಒಣಗಿಸಿ ಅದರಲ್ಲಿ ದಿನಸಿಯನ್ನೂ, ದಪ್ಪ ಪ್ಲಾಸ್ಟಿಕ್ ಚೀಲಗಳ ಒಳಗೆ ಹೊದಿಕೆಗಳನ್ನೂ ತುಂಬಿದೆವು. ದಡದಲ್ಲಿ ಅದೇ ಬಕೆಟ್ಟುಗಳು ಕೂರುವ ಮಣೆಯಾದವು.

ಶನಿವಾರ ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿದಾಗ ಮಂಜು ಇನ್ನೂ ಅಡಿಕೆ ತೋಟಗಳ ತಲೆಯ ಮೇಲೆ ಕೂತಿತ್ತು. ಅಲ್ಲಿಂದ ಹೊನ್ನೆಮರಡುವಿಗೆ ಅರ್ಧ ಗಂಟೆಯ ಹಾದಿ. ಮೊದಲ ಹಗಲನ್ನು ಪೂರ್ತಿ ಕಲಿಕೆಗೇ ಇಟ್ಟಿದ್ದೆವು, ಏಕೆಂದರೆ ನಮ್ಮಲ್ಲಿ ಐವರು ಎಂದೂ ಹುಟ್ಟು ಹಿಡಿದವರಲ್ಲ. ಮುಂದೆ ಕೂತವರು ಲಯ ಕೊಡಬೇಕು, ಹಿಂದೆ ಕೂತವರು ದಿಕ್ಕು ನೋಡಬೇಕು. ತೋಳಿನಿಂದಲ್ಲ, ಸೊಂಟ ತಿರುಗಿಸಿ ನೀರನ್ನು ಎಳೆಯಬೇಕು. ಆಮೇಲೆ ಒಬ್ಬೊಬ್ಬರನ್ನೂ ಬೇಕೆಂದೇ ನೀರಿಗೆ ಉರುಳಿಸಿ, ಮಗುಚಿದ ದೋಣಿಯನ್ನು ನೆಟ್ಟಗೆ ಮಾಡಿ ಮತ್ತೆ ಹತ್ತುವುದನ್ನು ಅಭ್ಯಾಸ ಮಾಡಿಸಿದರು. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ ಎಂದು ಎಲ್ಲರಿಗೂ ಹೇಳಿದ್ದ ನಾನೇ ನನ್ನ ಕನ್ನಡಕವನ್ನು ಶರಾವತಿಗೆ ಅರ್ಪಿಸಿ, ಮುಂದಿನ ಎರಡು ದಿನ ಲೆಕ್ಕವನ್ನು ಭಾವನ ಕಣ್ಣಿನಿಂದ ಬರೆಸಬೇಕಾಯಿತು.

ಬಾರದಿದ್ದ ಇಬ್ಬರ ಐದನೆಯ ಕಯಾಕ್ ಸಾಮಾನಿನ ದೋಣಿಯಾಯಿತು. ಬಕೆಟ್ಟುಗಳನ್ನೂ ಕುಡಿಯುವ ನೀರಿನ ಕ್ಯಾನುಗಳನ್ನೂ ಅದರ ಮುಂಭಾಗಕ್ಕೆ ಹಗ್ಗದಿಂದ ಬಿಗಿದು, ಹಿಂದೆ ಮಾರ್ಗದರ್ಶಿಯೇ ಕೂತು ಹುಟ್ಟು ಹಾಕಿದ. ಹತ್ತು ಜನ ಬಂದಿದ್ದರೆ ಈ ಹೊರೆಯನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಹೇಗೆ ಸಾಗುತ್ತಿದ್ದೆವೋ! ಆ ಮಟ್ಟಿಗೆ ನನ್ನ ಯೋಜನೆಯಲ್ಲಿ ದೊಡ್ಡ ತೂತೇ ಇತ್ತು.

ಭಾನುವಾರ ಆರೂವರೆಗೇ ನೀರಿಗಿಳಿದೆವು. "ಮಧ್ಯಾಹ್ನದ ಮೇಲೆ ಗಾಳಿ ಏಳ್ತದೆ ಮಾರಾಯ್ರೆ, ಹನ್ನೊಂದರ ಒಳಗೆ ದಡ ಸೇರ್ಬೇಕು" ಎಂದು ಮಾರ್ಗದರ್ಶಿ ಹಿಂದಿನ ರಾತ್ರಿಯೇ ಎಚ್ಚರಿಸಿದ್ದ. ಜನವರಿಯಲ್ಲಿ ನೀರು ಮಳೆಗಾಲದ ಎತ್ತರದಿಂದ ಇಳಿಯತೊಡಗಿರುತ್ತದೆ. ಅಂಚಿನಲ್ಲಿ ಒಣಮರಗಳ ಕಪ್ಪು ಬೊಡ್ಡೆಗಳು ಮೊಣಕಾಲುದ್ದ ಎದ್ದು ನಿಂತಿದ್ದವು, ಕೆಲವು ನೀರಿನ ಮಟ್ಟಕ್ಕಿಂತ ಗೇಣು ಕೆಳಗೆ ಅಡಗಿದ್ದವು. ಅವನ್ನು ತಪ್ಪಿಸಲು ಒಂದರ ಹಿಂದೆ ಒಂದರಂತೆ ಸಾಲಾಗಿ ಸಾಗಿದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮುಳುಗಿದ ಕಾಡಿನ ಬೊಡ್ಡೆಗಳು ಇವು. ಕಾಡಿನ ಜೊತೆಗೆ ಮುಳುಗಿದ ಊರುಗಳೂ ಇವೆ, ಹಳೆಯ ಅಣೆಕಟ್ಟೊಂದೂ ಇದೆ. ಜೋಗದಲ್ಲಿ 1948ರಲ್ಲಿ ಆರಂಭವಾದ ವಿದ್ಯುದಾಗಾರಕ್ಕೆ ನೀರು ಒದಗಿಸಲು ಕಟ್ಟಿದ್ದ ಮಡೆನೂರು ಅಣೆಕಟ್ಟು, ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಮಾತ್ರ ತಲೆ ಎತ್ತುತ್ತದೆ. "ನಮ್ಮ ಅಜ್ಜನ ಗದ್ದೆಯೂ ಇಲ್ಲೇ ಎಲ್ಲೋ ಅಡಿಯಲ್ಲಿದೆ" ಎಂದು ಮಾರ್ಗದರ್ಶಿ ಹುಟ್ಟಿನ ತುದಿಯಿಂದ ಬಲಗಡೆಯ ನೀರನ್ನು ತೋರಿಸಿದ. ಸ್ವಲ್ಪ ಹೊತ್ತು ಯಾರೂ ಹುಟ್ಟು ಹಾಕಲಿಲ್ಲ. ದೋಣಿಗಳು ತಾವಾಗಿಯೇ ತೇಲಿದವು.

ಅವನ ಮಾತು ಕೇಳದೆ ಒಂದು ದ್ವೀಪದ ನೆರಳಲ್ಲಿ ಹೆಚ್ಚು ಹೊತ್ತು ಕೂತದ್ದಕ್ಕೆ ಬೆಲೆ ತೆತ್ತೆವು. ಹನ್ನೆರಡರ ಹೊತ್ತಿಗೆ ಎದುರುಗಾಳಿ ಎದ್ದು, ಬೆಳಿಗ್ಗೆ ಮುಕ್ಕಾಲು ಗಂಟೆಯಲ್ಲಿ ದಾಟಿದ್ದ ಅಗಲವನ್ನು ಹಿಂದಿರುಗುವಾಗ ಎರಡು ಗಂಟೆ ಹುಟ್ಟು ಹಾಕಬೇಕಾಯಿತು. ಅತ್ಯಂತ ಸುಸ್ತಾದ ಜೋಡಿಯನ್ನು ಬೇರ್ಪಡಿಸಿ, ಪ್ರತಿ ದೋಣಿಯಲ್ಲೂ ಒಬ್ಬರಾದರೂ ಗಟ್ಟಿಗರಿರುವಂತೆ ಪುಟ್ಟ ದಿಬ್ಬವೊಂದರ ಮರೆಯಲ್ಲಿ ಅದಲುಬದಲು ಮಾಡಿದೆವು. ಈ ಹೊಂದಿಕೆಯನ್ನು ಬೆಂಗಳೂರಿನಲ್ಲೇ ಮಾಡಿಕೊಂಡು ಬರಬೇಕಿತ್ತು; ಗೆಳೆಯರು ಗೆಳೆಯರೊಂದಿಗೇ ಕೂರುತ್ತಾರೆಂದು ನಾನು ಸುಮ್ಮನೆ ಬಿಟ್ಟಿದ್ದೆ.

ಇನ್ನು ಟೆಂಟಿನ ಸಂಗತಿ. ಮೂರು ಟೆಂಟುಗಳಲ್ಲಿ ಎರಡು ಎರವಲು ತಂದವು, ಮೂರನೆಯದು ನಾನು ಅಗ್ಗಕ್ಕೆ ಕೊಂಡದ್ದು. ಮಲೆನಾಡಿನ ಚಳಿಗಾಲದಲ್ಲಿ ಮಳೆಯಿರದೆಂದು ಎಣಿಸಿ, ನೆಲಕ್ಕೆ ಹಾಸಲು ಒಂದೇ ತಾಡಪಾಲು ತಂದು, ಮೇಲೆ ಹೊದಿಸಲು ಏನನ್ನೂ ತಂದಿರಲಿಲ್ಲ. ಇಬ್ಬನಿ ನನ್ನ ಎಣಿಕೆಯನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಎರಡೂ ರಾತ್ರಿ ಬೆಳಗಿನ ಜಾವ ನಾಲ್ಕಕ್ಕೆ ಟೆಂಟಿನ ಬಟ್ಟೆಯಿಂದ ತೊಟ್ಟಿಕ್ಕುವ ನೀರು ಹಣೆಯ ಮೇಲೆ ಬಿದ್ದು ಎಬ್ಬಿಸಿತು. ಎರವಲು ಟೆಂಟಿನಲ್ಲಿದ್ದವರು ಬೆಚ್ಚಗೆ ಗೊರಕೆ ಹೊಡೆಯುತ್ತಿದ್ದರು.

ಸೋಮವಾರ ಸಂಜೆ, ಕಸದ ಚೀಲವನ್ನು ಮರೆಯದೆ ಹೊತ್ತು ತಂದು, ತಾಳಗುಪ್ಪದ ಪ್ಲಾಟ್‌ಫಾರ್ಮಿನಲ್ಲಿ ಬಕೆಟ್ಟುಗಳ ಮೇಲೆ ಕೂತು ಲೆಕ್ಕ ಮುಗಿಸಿದೆವು. ಎಂಟು ಜನರಿಂದ ಮುಂಗಡವೂ ಸೇರಿ ತಲಾ 2,400, ಬಾರದವರ ಮುಂಗಡ 2,000, ಒಟ್ಟು 21,200. ದೋಣಿ, ಗಾಡಿ, ರೈಲು, ದಿನಸಿ ಎಲ್ಲ ಕಳೆದು ಉಳಿದದ್ದು 520 ರೂಪಾಯಿ. ತಲೆಗೆ 65ರಂತೆ ಹಂಚೋಣವೆಂದೆ. ಭಾವ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಕೊನೆಯ ಸಾಲಿನಲ್ಲಿ "ಇನ್ನೊಂದು ತಾಡಪಾಲಿಗೆ" ಎಂದು ಬರೆದರು.